ಫಿಡೆಲಿನಾ ಬರೆಯದೆ ಬಿಟ್ಟ ಮಳೆ

ಫಿಡೆಲಿನಾ ಆಸ್ಪ್ರಿಯಾಳಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಪ್ಲಾಯಾ ಬೊನಿತಾ ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರೆಲ್ಲ ಒಂದಲ್ಲ ಒಂದು ಸಲ ಚೀಟಿಯಿಲ್ಲದೆ ಅವಳ ಸ್ಟೋರಿನ ಕಿಟಕಿಗೆ ಹೋಗಿ ಬರಿಗೈಯಲ್ಲಿ ವಾಪಸ್ ಬಂದವರು. ಇಪ್ಪತ್ತಾರು ವರ್ಷಗಳಿಂದ ಕಿಬ್ದೊ ಪಟ್ಟಣದ ಸುತ್ತಮುತ್ತ ನದಿಯ ದಂಡೆಯಲ್ಲಿ ಎಲ್ಲೇ ಕಟ್ಟಡ ಎದ್ದರೂ ಅಲ್ಲಿನ ಸ್ಟೋರು ಅವಳದು. ಸಿಮೆಂಟಾಗಲಿ, ಮೊಳೆಯಾಗಲಿ, ಮೇಸ್ತ್ರಿಯ ಸಹಿಯಿರುವ ಚೀಟಿ ಬಂದರೆ ಮಾತ್ರ ಸಾಮಾನು ಹೊರಗೆ ಹೋಗುತ್ತದೆ. ಒಮ್ಮೆ ಮೇಯರೇ ಬಂದು ಅಡಿಗಲ್ಲು ಹಾಕಲು ಒಂದು ಕರಣೆ ಕೇಳಿದ್ದ. ಫೋಟೋದವರು ಕಾಯುತ್ತ ನಿಂತಿದ್ದರೂ ಇವಳು ಚೀಟಿ ಎಲ್ಲಿ ಎಂದಳು. ಅವನು ನಗುತ್ತ ಬರೆದುಕೊಟ್ಟ. ದಿನಾಂಕ ಹಾಕಿಲ್ಲವೆಂದು ಅದನ್ನೂ ಹಿಂದಕ್ಕೆ ಕೊಟ್ಟಳು.

ಸ್ಟೋರಿನ ಜೊತೆಗೆ ಕಾಮಗಾರಿಯ ದಿನಚರಿಯೂ ಅವಳದೇ. ಎಷ್ಟು ಜನ ಬಂದರು, ಏನು ಕಟ್ಟಿದರು, ಹವಾಮಾನ ಹೇಗಿತ್ತು, ಇಷ್ಟನ್ನು ಸಂಜೆ ನಾಲ್ಕೂವರೆಗೆ ಕೂತು ಬರೆಯಬೇಕು. ಮೊದಲು ದಪ್ಪ ರಟ್ಟಿನ ಪುಸ್ತಕವಿತ್ತು. ಈಗ ಮೆದೆಯಿನ್‌ನ ಗುತ್ತಿಗೆ ಕಂಪನಿಯವರು ಒಂದು ಲ್ಯಾಪ್‌ಟಾಪ್ ಕೊಟ್ಟು ಅದರಲ್ಲೇ ತುಂಬಿ ಎಂದಿದ್ದಾರೆ. ಪುಸ್ತಕವಾದರೂ ಯಂತ್ರವಾದರೂ ಅವಳ ಕಟ್ಟಳೆ ಒಂದೇ: ಆದದ್ದನ್ನು ಬರೆ, ಆಗದ್ದನ್ನು ಬರೆಯಬೇಡ, ಊರಿಗೆಲ್ಲ ಗೊತ್ತಿರುವುದನ್ನು ಬರೆದು ಜಾಗ ದಂಡ ಮಾಡಬೇಡ. ಈ ಸಲ ಆ ಕಟ್ಟಳೆಯೇ ಅವಳ ಕೊರಳಿಗೆ ಸುತ್ತಿಕೊಂಡಿತು.

ಕಟ್ಟುತ್ತಿದ್ದದ್ದು ಆರೋಗ್ಯ ಕೇಂದ್ರ. ಎರಡು ಕೋಣೆ, ಒಂದು ಹೆರಿಗೆ ಕೋಣೆ, ನೀರಿನ ಟ್ಯಾಂಕಿಗೆ ಒಂದು ಎತ್ತರದ ಕಟ್ಟೆ. ಗೋಡೆ ಎದ್ದಿತ್ತು, ಚಾವಣಿಯ ತಗಡು ಸ್ಟೋರಿನಲ್ಲಿತ್ತು, ಆದರೆ ಒಪ್ಪಂದದ ಅವಧಿ ಹೋದ ಶುಕ್ರವಾರವೇ ಮುಗಿದು ಕೆಲಸ ನಿಂತಿತ್ತು. ಹವಾಮಾನದಿಂದ ಕೆಟ್ಟ ದಿನಗಳ ದಾಖಲೆಯನ್ನು ಗುರುವಾರದೊಳಗೆ ಕೊಟ್ಟರೆ ಅಷ್ಟು ದಿನ ಅವಧಿ ಮುಂದಕ್ಕೆ ಹೋಗುತ್ತದೆ, ಇಲ್ಲವಾದರೆ ಒಪ್ಪಂದ ರದ್ದು ಎಂದು ರಾಜಧಾನಿ ಬೊಗೊತಾದ ಸರ್ಕಾರಿ ಮೇಲ್ವಿಚಾರಕರು ಬರೆದಿದ್ದರು. ರದ್ದಾದರೆ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮೇಲಿನ ಕೇರಿಯ ಶಾಲೆ ಹಾಗೇ ರದ್ದಾಗಿ ಹದಿನೈದು ವರ್ಷವಾಯಿತು, ಅದರ ಮೂರನೇ ತರಗತಿಯಲ್ಲಿ ಈಗ ಸೀಬೆ ಮರ ಕಾಯಿ ಬಿಡುತ್ತದೆ.

ಶಾಲೆಯಿಲ್ಲದೆ ಮಕ್ಕಳು ಹೇಗೋ ಬೆಳೆದವು. ಹೆರಿಗೆ ಕೋಣೆಯ ಮಾತು ಹಾಗಲ್ಲ. ಫೆಬ್ರವರಿಯಲ್ಲಿ ಮೇಸ್ತ್ರಿ ಆರ್ನೋಬಿಯೊ ರೆಂತೆರಿಯಾನ ಮಗಳು ನೆಲ್ಫಾಳಿಗೆ ನೋವು ಶುರುವಾಗಿ, ಕಿಬ್ದೊ ಆಸ್ಪತ್ರೆಗೆ ಹೊರಟ ದೋಣಿ ಅರ್ಧ ದಾರಿಯಲ್ಲಿ ಮರಳಿಗೆ ಕೂತು, ಮಗು ಉಳಿಯಲಿಲ್ಲ. ನೆಲ್ಫಾ ಹುಟ್ಟಿದಾಗ ಚರ್ಚಿನಲ್ಲಿ ಅವಳನ್ನು ಎತ್ತಿ ಹಿಡಿದ ಧರ್ಮಮಾತೆ ಫಿಡೆಲಿನಾ. ಆ ಸಂಬಂಧದಿಂದಲೇ ಆರ್ನೋಬಿಯೊ ಇವಳನ್ನು ಕೊಮಾದ್ರೆ ಎನ್ನುವುದು. ಆ ದಿನದಿಂದ ಈ ಕಟ್ಟಡದ ಒಂದೊಂದು ತಗಡನ್ನೂ ಅವಳು ಸ್ವಂತ ಮನೆಯದೆಂಬಂತೆ ಎಣಿಸುತ್ತಿದ್ದಳು.

ಸೋಮವಾರ ಬೆಳಿಗ್ಗೆ ಕಂಪನಿಯ ಇಂಜಿನಿಯರ್ ಎಚೆವೆರ್ರಿಯ ಫೋನ್ ಬಂತು. ಇವನು ಮೆದೆಯಿನ್‌ನಲ್ಲೇ ಇದ್ದುಕೊಂಡು ತಿಂಗಳಿಗೊಮ್ಮೆ ಇಲ್ಲಿಗೆ ಬಂದು, ಬೂಟು ಕೆಸರಾಗುವ ಮೊದಲೇ ದೋಣಿ ಹತ್ತುವವನು. ಏಳು ತಿಂಗಳ ಹವಾಮಾನದ ದಾಖಲೆ ಒಟ್ಟಿಗೆ ಬೇಕು ಎಂದ. ಪರದೆಯ ಮೇಲೆ ಒಂದು ಸಲಕ್ಕೆ ಒಂದೇ ದಿನ ಕಾಣುತ್ತದೆ. ಎಲ್ಲ ಒಟ್ಟಿಗೆ ಬೇಕಾದರೆ ತಂತ್ರಾಂಶದ ಹಿಂಬದಿಯಲ್ಲಿ ಒಂದು ಕಿಟಕಿಯಿದೆಯಂತೆ, ಅಲ್ಲಿ ಕೇಳಬೇಕಂತೆ. ಆಫೀಸಿನಲ್ಲಿ ಅದನ್ನು ಬಲ್ಲವನು ಹೋದ ತಿಂಗಳು ಕೆಲಸ ಬಿಟ್ಟಿದ್ದ. ಸೈಟಿನ ಖಾತೆ ನಿಮ್ಮ ಹೆಸರಲ್ಲಿದೆ, ಆದ್ದರಿಂದ ನೀವೇ ತೆಗೆಯಿರಿ ಎಂದು ಹೇಳಿ ಎರಡು ಪುಟದ ವಿಧಾನವನ್ನು ಕಳಿಸಿದ. ಅವನಿಗೇನು, ಹೇಳಿ ಮುಗಿಸಿದ.

ಪ್ಲಾಯಾ ಬೊನಿತಾದಲ್ಲಿ ಇಂಟರ್ನೆಟ್ ಸಿಗ್ನಲ್ ಸಿಗುವುದು ಒಂದೇ ಕಡೆ, ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ. ಧೋ ಎಂದು ಮಳೆ ಸುರಿಯುತ್ತಿತ್ತು. ಫಿಡೆಲಿನಾ ಖಾಲಿ ಬಣ್ಣದ ಡಬ್ಬದ ಮೇಲೆ ಕೂತು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಳು. ಕೆಲಸವಿಲ್ಲದ ಆರ್ನೋಬಿಯೊ, ಕಾಂಕ್ರೀಟಿಗೆ ಹೊದಿಸುವ ಕರಿ ಪ್ಲಾಸ್ಟಿಕ್ಕನ್ನು ಎರಡು ಕೋಲಿಗೆ ಕಟ್ಟಿ ಅವಳ ತಲೆಯ ಮೇಲೆ ಹಿಡಿದು ನಿಂತ.

ವಿಧಾನವನ್ನು ಓದಿದಾಗ ಅವಳಿಗೆ ಮೊದಮೊದಲು ಸಮಾಧಾನವೇ ಆಯಿತು. ಕಿಟಕಿಯ ವಿಳಾಸ ಬರೆಯಬೇಕು, ಯಾವ ಕಾಮಗಾರಿ, ಯಾವ ದಿನದಿಂದ ಯಾವ ದಿನದವರೆಗೆ ಎಂದು ಬರೆಯಬೇಕು, ಕೇಳುವ ಅಧಿಕಾರ ಇದೆಯೆಂದು ತೋರಿಸಲು ಒಂದು ಉದ್ದನೆಯ ಗುಪ್ತ ಕೀಲಿ ಹಾಕಬೇಕು. ಸರಿಯಾಗಿದ್ದರೆ ಯಂತ್ರ ದಾಖಲೆಯನ್ನು ಹೊರಗೆ ಕೊಡುತ್ತದೆ. ಇದೂ ಒಂದು ಸ್ಟೋರೇ ತಾನೇ, ಚೀಟಿ ಸರಿಯಿದ್ದರೆ ಸಾಮಾನು ಬರುತ್ತದೆ ಎಂದುಕೊಂಡಳು.

ಚೀಟಿ ಸರಿಯಿರಲಿಲ್ಲ. ಮೊದಲ ಸಲ ಅನುಮತಿ ಇಲ್ಲ ಎಂದಿತು. ನಲವತ್ತು ಅಕ್ಷರದ ಕೀಲಿಯನ್ನು ಒಂದೊಂದೇ ತಾಳೆ ನೋಡಿದಾಗ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಸೇರಿಕೊಂಡಿತ್ತು. ಅದನ್ನು ಅಳಿಸಿದರೆ, ಇಂಥ ಕಾಮಗಾರಿಯೇ ಇಲ್ಲ ಎಂದಿತು. ಎಚೆವೆರ್ರಿ ಇನ್ನಾವುದೋ ಸೇತುವೆಯ ಸಂಖ್ಯೆ ಕೊಟ್ಟಿದ್ದ. ಅದನ್ನು ತಿದ್ದಿದರೆ ದಿನಾಂಕ ತಪ್ಪು ಎಂದಿತು. ಇವಳು ಎಲ್ಲರಂತೆ ದಿನ, ತಿಂಗಳು, ವರ್ಷ ಎಂದು ಬರೆದಿದ್ದಳು, ಅದಕ್ಕೆ ವರ್ಷ ಮೊದಲು ಬೇಕಂತೆ. ತಿರುಗಿಸಿ ಬರೆಯುವಷ್ಟರಲ್ಲಿ ಮತ್ತೆ ಅನುಮತಿ ಇಲ್ಲ. ಆ ಕೀಲಿಯ ಆಯುಸ್ಸು ಬರೀ ಒಂದು ಗಂಟೆ, ಆಮೇಲೆ ಹೊಸದು ಮಾಡಿಸಿಕೊಳ್ಳಬೇಕು ಎಂದು ಎರಡನೇ ಪುಟದ ತಳದಲ್ಲಿ ಸಣ್ಣಕ್ಷರದಲ್ಲಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇಂಥ ಕಿಟಕಿಯನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಫಿಡೆಲಿನಾಳ ತಲೆ ಚಿಟ್ಟು ಹಿಡಿಯಿತು. ತಪ್ಪು ಎಂದರೆ ಸಾಲದು, ಏನು ತಪ್ಪು ಎಂದು ಹೇಳಬೇಕು ಎಂದು ಯಂತ್ರಕ್ಕೆ ಬೈದಳು. ನಾನಾದರೆ ದಿನಾಂಕ ಇಲ್ಲ ಎಂದು ಬಾಯಿಬಿಟ್ಟು ಹೇಳುತ್ತೇನೆ, ಇದಕ್ಕೆ ಅಷ್ಟೂ ಮರ್ಯಾದೆಯಿಲ್ಲ ಎಂದಳು.

"ಕೊಮಾದ್ರೆ, ಇದರೊಳಗೆ ನಿನ್ ತಂಗಿನೇ ಕೂತಿರೋ ಹಾಗಿದೆ," ಎಂದ ಆರ್ನೋಬಿಯೊ. "ನಾವು ಇಷ್ಟು ವರ್ಷ ನಿನ್ ಕಿಟಕೀಲಿ ನಿಂತು ಪಟ್ಟಿದ್ದನ್ನ ಈಗ ನೀನು ಪಡ್ತಾ ಇದೀಯ."

"ಪ್ಲಾಸ್ಟಿಕ್ ನೆಟ್ಟಗೆ ಹಿಡಿ. ಕುತ್ತಿಗೆ ಮೇಲೆ ನೀರು ಬೀಳ್ತಿದೆ."

ಸೋಮವಾರ ಹಾಗೇ ಹೋಯಿತು. ಮಂಗಳವಾರ ಸಿಗ್ನಲ್ಲೇ ಇರಲಿಲ್ಲ. ಬುಧವಾರ ಬೆಳಿಗ್ಗೆ ಹುರಿದ ಮೀನು, ಬಾಳೆಕಾಯಿಯ ತಿಂಡಿಯನ್ನು ಕಟ್ಟಿಕೊಂಡು ಕಟ್ಟೆ ಹತ್ತಿ ಕೂತಳು, ಹತ್ತೂವರೆಗೆ ಕಿಟಕಿ ತೆರೆಯಿತು. ಬಳ್ಳಿಯಂಥ ಆವರಣ ಚಿಹ್ನೆಗಳ ನಡುವೆ ಅವಳದೇ ಮಾತುಗಳು ಒಂದರ ಕೆಳಗೊಂದು ಬಂದವು. ಇಪ್ಪತ್ತು ದಾಖಲೆ ಬಂದು ನಿಂತಿತು. ಒಂದು ಸಲಕ್ಕೆ ಇಪ್ಪತ್ತರ ಮೇಲೆ ಕೊಡುವುದಿಲ್ಲ, ಎರಡನೇ ಪುಟವೆಂದು ಮತ್ತೆ ಕೇಳಬೇಕಂತೆ. ಕೇಳಿದಳು. ಮತ್ತೆ ಇಪ್ಪತ್ತು. ಮೂರನೇ ಪುಟದಲ್ಲಿ ಮೂರು. ಒಟ್ಟು ನಲವತ್ತಮೂರು ದಾಖಲೆ ಮೆದೆಯಿನ್‌ಗೆ ಹೋದವು. ಗೆದ್ದೆ ಎಂದುಕೊಂಡು ಅವಳು ತಿಂಡಿಯ ಪೊಟ್ಟಣ ಬಿಚ್ಚುವಾಗ ಫೋನ್ ಬಂತು.

"ಫಿಡೆಲಿನಾ ಅವ್ರೇ, ಇದರಲ್ಲಿ ಬರೀ ಬಿಸಿಲೇ ಇದೆ. ಮಳೆ ಎಲ್ಲಿ?"

"ಇಲ್ಲೇ ಸುರೀತಾ ಇದೆ. ಕೇಳಿಸ್ತಿಲ್ವಾ?"

ಎಚೆವೆರ್ರಿ ತಮಾಷೆಯ ಮನಸ್ಥಿತಿಯಲ್ಲಿರಲಿಲ್ಲ. ಕಿಟಕಿ ಕೆಟ್ಟಿರಬೇಕು ಎಂದ, ಇನ್ನೊಂದು ಸಲ ಕೇಳಿಸಿದ. ಅದೇ ನಲವತ್ತಮೂರು ಬಂದವು. ಮಳೆಯ ದಿನ ಮಾತ್ರ ಬೇಕೆಂದು ಕೇಳಿ ಎಂದ. ಸೊನ್ನೆ ಬಂತು. ಅವನ ದನಿ ಏರುತ್ತ ಹೋಯಿತು, ಅವಳ ಮೀನು ಆರುತ್ತ ಹೋಯಿತು. ಕೊನೆಗೆ ಅವನಿಗೆ ಅನುಮಾನ ಬಂದು, ನೀವು ಮಳೆಯನ್ನು ಬರೆದಿದ್ದೀರಿ ತಾನೇ ಎಂದು ಕೇಳಿದ.

"ಮಳೆನ ಯಾರಾದ್ರೂ ಬರೀತಾರಾ ಇಂಜಿನಿಯರ್ರೇ? ಬೆಳಿಗ್ಗೆ ಬೆಳಕಾಯ್ತು ಅಂತ ನೀವು ದಿನಾ ಬರೀತೀರಾ?"

ಫಿಡೆಲಿನಾಳಿಗೆ ತಾನು ತಪ್ಪು ಮಾಡಿದೆನೆಂದು ಅನ್ನಿಸಲಿಲ್ಲ. ಇಲ್ಲಿ ಬಟ್ಟೆ ಒಣಗಿದರೆ ಸುದ್ದಿ, ಒಣಗದಿದ್ದರೆ ಅಲ್ಲ. ವರ್ಷದಲ್ಲಿ ಮುನ್ನೂರು ದಿನ ಸುರಿಯುವುದನ್ನು ಬರೆದರೆ ಓದುವವರಿಗೂ ತಲೆನೋವು ಎಂದು, ಹವಾಮಾನದ ಜಾಗದಲ್ಲಿ ಏನಾದರೂ ವಿಶೇಷವಿದ್ದರೆ ಮಾತ್ರ ತುಂಬುತ್ತಿದ್ದಳು. ರಟ್ಟಿನ ಪುಸ್ತಕದಲ್ಲೂ ಹಾಗೇ, ಇಪ್ಪತ್ತಾರು ವರ್ಷ. ಆ ಪುಸ್ತಕಗಳನ್ನು ಯಾರಾದರೂ ಓದಿದ್ದರೆ ಆಗಲೇ ಕೇಳುತ್ತಿದ್ದರು.

ಎಚೆವೆರ್ರಿಗೆ ಉಪಾಯ ಹೊಳೆಯಿತು. ಆ ಕಿಟಕಿಯಲ್ಲಿ ದಾಖಲೆ ತೆಗೆಯುವುದಷ್ಟೇ ಅಲ್ಲ, ಹಳೆಯ ದಿನಾಂಕಕ್ಕೆ ಹೊಸ ದಾಖಲೆಯನ್ನು ಒಳಗೆ ಹಾಕಲೂ ಬರುತ್ತದಂತೆ. ಬಿಸಿಲಿನದನ್ನೆಲ್ಲ ಅಳಿಸಿ, ನಲವತ್ತು ದಿನ ಮಳೆ, ಕೆಲಸ ನಿಂತಿತ್ತು ಎಂದು ತುಂಬಿಬಿಡಿ ಎಂದ. ಮಳೆ ಬಂದದ್ದು ಸುಳ್ಳಲ್ಲವಲ್ಲ ಎಂದ. ಮಳೆಯಿಂದ ಇಲ್ಲಿ ಯಾವ ಕೆಲಸವೂ ನಿಂತಿಲ್ಲ ಎಂದು ಇವಳು ಹೇಳಹೊರಟಳು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. "ಈಗ ಸತ್ಯ ಹರಿಶ್ಚಂದ್ರನ ಕಥೆ ಬೇಡ. ಒಪ್ಪಂದ ಹೋದ್ರೆ ಆ ಊರಿಗೆ ನೀವೇ ಉತ್ತರ ಹೇಳ್ಬೇಕಾಗುತ್ತೆ," ಎಂದು ಫೋನ್ ಇಟ್ಟ.

ಆ ಮಾತು ಅವಳಿಗೆ ನಾಟಿತು. ಅವನನ್ನು ಎಷ್ಟು ಬೈದುಕೊಂಡರೂ ನಾಟಿತು. ಕಟ್ಟೆಯ ಮೇಲಿಂದ ಚಾವಣಿಯಿಲ್ಲದ ಹೆರಿಗೆ ಕೋಣೆ ಕಾಣುತ್ತಿತ್ತು, ನೆಲದಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ಒಂದು ಸುಳ್ಳಿಗೆ ಒಂದು ಚಾವಣಿ ಸಿಗುವುದಾದರೆ ಬರೆದರೇನು ಎಂದು ನಿಜವಾಗಿಯೂ ಯೋಚಿಸಿದಳು. ನವೆಂಬರ್ ಹದಿನಾಲ್ಕು ಎಂದು ಒತ್ತಿದಳು. ಮಳೆ ಎಂದು ಒತ್ತಿದಳು. ಕೆಲಸ ನಿಂತಿತೇ ಎಂಬಲ್ಲಿ ಬೆರಳು ನಿಂತಿತು.

"ನವೆಂಬರ್ ಹದಿನಾಲ್ಕಕ್ಕೆ ಏನು ಮಾಡಿದ್ವಿ?" ಎಂದು ಆರ್ನೋಬಿಯೊನನ್ನು ಕೇಳಿದಳು.

ಅವನಿಗೆ ನೆನಪಿರಲಿಲ್ಲ. ಅವಳು ಕೆಳಗಿಳಿದು ಹೋಗಿ ಚೀಟಿಗಳ ಕಟ್ಟು ತೆಗೆದಳು. ನವೆಂಬರ್ ಹದಿನಾಲ್ಕರಂದು ಇಪ್ಪತ್ತೆರಡು ಮೂಟೆ ಸಿಮೆಂಟು, ಆರ್ನೋಬಿಯೊನ ಸಹಿ. ಹೆರಿಗೆ ಕೋಣೆಯ ಅಡಿಪಾಯ ಹಾಕಿದ ದಿನ. ಹದಿನಾಲ್ಕು ಗಂಡಾಳುಗಳು ಇದೇ ಕರಿ ಪ್ಲಾಸ್ಟಿಕ್ಕಿನ ಕೆಳಗೆ, ಬೆನ್ನು ತೊಯ್ಯುತ್ತ, ಹಾಡು ಹೇಳಿಕೊಂಡು ಸಂಜೆಯವರೆಗೂ ದುಡಿದಿದ್ದರು. ಅವರು ಅಂದು ಸುಮ್ಮನೆ ಕೂತಿದ್ದರೆಂದು ಬರೆಯಬೇಕು.

"ಆಗಲ್ಲ," ಎಂದಳು. "ಚೀಟಿ ಒಂದು ಹೇಳುತ್ತೆ, ದಿನಚರಿ ಇನ್ನೊಂದು ಹೇಳ್ಬೇಕಾ? ಆಗಲ್ಲ."

ಆರ್ನೋಬಿಯೊ ಅವಳ ಮುಖ ನೋಡಿದ. ಅವನ ಮಗಳ ಮಾತು ಅವನ ಬಾಯಿಗೆ ಬಂದಿರಬೇಕು, ಆಡಲಿಲ್ಲ. ಅವಳು ಮತ್ತೆ ಕಟ್ಟೆ ಹತ್ತಿ, ಒತ್ತಿದ್ದನ್ನು ಅಳಿಸಿದಳು. ಬೊಗೊತಾದವರು ಕೇಳಿದ್ದು ಹವಾಮಾನದ ದಾಖಲೆ, ದಾಖಲೆ ಇರುವುದು ಇಷ್ಟು, ಎಂದು ಒಂದು ಸಾಲು ಬರೆದು, ನಲವತ್ತಮೂರನ್ನೂ ಇದ್ದದ್ದು ಇದ್ದಹಾಗೆ ಮೇಲ್ವಿಚಾರಕರ ವಿಳಾಸಕ್ಕೇ ಕಳಿಸಿಬಿಟ್ಟಳು. ಆಮೇಲೆ ಸ್ಟೋರಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ದುಃಖಕ್ಕಿಂತ ಹೆಚ್ಚಾಗಿ ರೋಸಿಹೋಗಿ ಅತ್ತಳು.

ಗುರುವಾರ ಹತ್ತು ಗಂಟೆಗೆ ಪರದೆಯ ಮೇಲೆ ಸಭೆ ಸೇರಿತು. ಒಂದು ಚೌಕದಲ್ಲಿ ಎಚೆವೆರ್ರಿ. ಇನ್ನೊಂದರಲ್ಲಿ ಮೇಲ್ವಿಚಾರಕಿ ಕೊನ್ಸುವೆಲೊ ಬರಗಾನ್, ನೆರೆತ ಕೂದಲು, ಕುತ್ತಿಗೆಗೆ ಉಣ್ಣೆಯ ವಸ್ತ್ರ, ಬೊಗೊತಾದ ಚಳಿ ಮುಖದಲ್ಲೇ ಇತ್ತು. ಮೂರನೆಯದರಲ್ಲಿ ಫಿಡೆಲಿನಾ, ಅವಳ ಹಿಂದೆ ಕರಿ ಪ್ಲಾಸ್ಟಿಕ್ಕು ಹಿಡಿದ ಆರ್ನೋಬಿಯೊನ ಒಂದು ಕೈ.

ಎಚೆವೆರ್ರಿ ನಮ್ಮ ಇಡೀ ಚೋಕೊ ಪ್ರಾಂತ್ಯದ ಮಳೆಯ ಅಂಕಿಅಂಶಗಳನ್ನು ಬಣ್ಣಬಣ್ಣದ ಗೆರೆಗಳಲ್ಲಿ ತೋರಿಸಿದ. ಬರಗಾನ್ ಕೊನೆಯವರೆಗೂ ಕೇಳಿ, ಇವು ಯಾವುವೂ ಬೇಡ ಎಂದಳು. ಆ ಜಾಗಕ್ಕೆ ಸಹಜವಲ್ಲದ ಹವಾಮಾನದಿಂದ ಕೆಲಸ ನಿಂತಿದ್ದರೆ ಮಾತ್ರ ದಿನ ಸಿಗುತ್ತದೆ, ಚೋಕೊದಲ್ಲಿ ಮಳೆ ಬರುತ್ತದೆಂದು ತಿಳಿದೇ ನಿಮ್ಮವರು ಸಹಿ ಹಾಕಿದ್ದಾರೆ ಎಂದಳು. ಎಚೆವೆರ್ರಿ ಮಳೆಯ ಜೋರಿನ ಬಗ್ಗೆ ಮತ್ತೆ ಶುರುಮಾಡಿದ. ಬೆಟ್ಟ ಅಗೆದು ಇಲಿ ಹಿಡಿಯುವ ಈ ಮಾತನ್ನು ಕೇಳುತ್ತ ಕೇಳುತ್ತ ಫಿಡೆಲಿನಾಳಿಗೆ ತಡೆಯಲಾಗಲಿಲ್ಲ.

"ಅಮ್ಮಾ, ನಾನು ನಿನ್ನೆ ಕಳಿಸಿದ್ದನ್ನ ಓದಿದ್ರಾ? ಓದದೇ ಇದ್ರೆ ಓದಿಲ್ಲ ಅಂತ ಹೇಳ್ಬಿಡಿ. ಇಪ್ಪತ್ತಾರು ವರ್ಷದಿಂದ ಬರೀರಿ ಬರೀರಿ ಅಂತೀರ, ಓದೋರು ಒಬ್ರಾದ್ರೂ ಬೇಡ್ವಾ?"

ಎಚೆವೆರ್ರಿ ಕಣ್ಣು ಮುಚ್ಚಿಕೊಂಡ. ಬರಗಾನ್ ಕನ್ನಡಕ ಹಾಕಿಕೊಂಡಳು.

"ಓದಿದೀನಿ," ಎಂದಳು. "ರಾತ್ರಿಯೇ ಓದಿದೆ. ಅದಕ್ಕೇ ಈ ಸಭೆ ಕರೆದದ್ದು, ಇಲ್ಲದಿದ್ರೆ ಒಂದು ಕಾಗದದಲ್ಲಿ ಮುಗೀತಿತ್ತು."

ಅವಳು ಗಟ್ಟಿಯಾಗಿ ಓದತೊಡಗಿದಳು. ಜನವರಿ ಹದಿನೈದು. ಬಿಸಿಲು, ಎಂಟನೇ ದಿನ. ನದಿ ಮೊಣಕಾಲಿಗೆ ಬಂದಿದೆ. ಸಿಮೆಂಟಿನ ದೋಣಿ ಮೂರನೇ ತಿರುವಿನಲ್ಲಿ ಮರಳಿಗೆ ಕೂತಿದೆ. ಸ್ಟೋರಿನಲ್ಲಿ ಒಂದು ಮೂಟೆಯೂ ಇಲ್ಲ. ಆಳುಗಳು ಬಂದು ವಾಪಸ್ ಹೋದರು. ಜನವರಿ ಹದಿನಾರು. ಬಿಸಿಲು. ದೋಣಿ ಅಲ್ಲೇ ಇದೆ. ಫೆಬ್ರವರಿ ಎರಡು. ಬಿಸಿಲು. ಕಬ್ಬಿಣ ತಲೆಯ ಮೇಲೆ ಹೊತ್ತು ತರಬಹುದೇ ಎಂದು ಇಂಜಿನಿಯರ್ ಕೇಳಿದರು. ಅವರೇ ಬಂದು ಒಂದು ಸಲ ಹೊತ್ತು ತೋರಿಸಲಿ.

ಎಚೆವೆರ್ರಿ ಕೆಮ್ಮಿದ. ರಸ್ತೆಯೇ ಇಲ್ಲದ ಊರಿಗೆ ಸಾಮಾನೆಲ್ಲ ದೋಣಿಯಲ್ಲಿ ಬರಬೇಕು, ದೋಣಿ ಬರಲು ನದಿಯಲ್ಲಿ ನೀರು ಬೇಕು, ನೀರಿಗೆ ಮಳೆ ಬೇಕು. ಇದು ನಮ್ಮಲ್ಲಿ ಮಗುವಿಗೂ ಗೊತ್ತು. ಕೆಲಸ ನಿಲ್ಲಿಸಿದ್ದು ಬಿಸಿಲು ಎಂದು ಅವಳು ನಲವತ್ತಮೂರು ಸಲ ಬರೆದಿದ್ದಳು, ಅವನು ಅದರೊಳಗೆ ಮಳೆ ಹುಡುಕುತ್ತ ಕೂತಿದ್ದ.

ಫಿಡೆಲಿನಾಳಿಗೆ ಅವನ ಕಡೆ ಗಮನವಿರಲಿಲ್ಲ. ತಾನು ಬರೆದ ವಾಕ್ಯವನ್ನು ಇನ್ನೊಬ್ಬರ ದನಿಯಲ್ಲಿ ಅವಳು ಕೇಳಿದ್ದು ಬದುಕಿನಲ್ಲಿ ಅದೇ ಮೊದಲು. ಪರದೆಯ ಹತ್ತಿರಕ್ಕೆ ಬಾಗಿದಳು.

ಬರಗಾನ್ ಪುಟ ಸರಿಸಿದಳು. ಫೆಬ್ರವರಿ ಹದಿನೆಂಟು ಎಂದು ಓದಿ, ಕನ್ನಡಕ ಸರಿಮಾಡಿಕೊಂಡು, ಮುಂದುವರಿಸಿದಳು. ಬಿಸಿಲು. ಸಾಮಾನಿನ ದೋಣಿಯಲ್ಲ, ನೆಲ್ಫಾಳ ದೋಣಿ ಸಿಕ್ಕಿಕೊಂಡಿದೆ. ಹದಿನಾಲ್ಕು ಆಳುಗಳೂ ಹಗ್ಗ ಹಿಡಿದು ಎಳೆಯಲು ಹೋದರು. ಹಗ್ಗ ಸ್ಟೋರಿನದು, ಚೀಟಿಯಿಲ್ಲದೆ ಕೊಟ್ಟೆ. ಮಧ್ಯಾಹ್ನದವರೆಗೆ ಎಳೆದರು. ಮಗು ಮರಳಿನ ಮೇಲೆ ಹುಟ್ಟಿತು, ಉಳಿಯಲಿಲ್ಲ. ಇದು ಹವಾಮಾನ ಅಲ್ಲ, ಆದರೂ ಬರೆದಿದ್ದೇನೆ.

ತಲೆಯ ಮೇಲಿನ ಪ್ಲಾಸ್ಟಿಕ್ಕು ಒಂದು ಕಡೆ ವಾಲಿತು. ಕುತ್ತಿಗೆಯ ಮೇಲೆ ಬಿದ್ದ ನೀರನ್ನು ಫಿಡೆಲಿನಾ ಈ ಸಲ ತಾನೇ ಒರೆಸಿಕೊಂಡಳು.

"ಒಟ್ಟು ನಲವತ್ತಮೂರು," ಎಂದಳು ಬರಗಾನ್. "ಭಾನುವಾರ ಅಂತ ನೀವೇ ಬರೆದಿರೋದು ಐದಿದೆ, ಅದನ್ನ ಕಳೆದಿದೀನಿ. ಮೂವತ್ತೆಂಟು ದಿನ ಕೊಡ್ತೀನಿ."

ಎಚೆವೆರ್ರಿ ಧನ್ಯವಾದ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಫಿಡೆಲಿನಾ ಮಾತಾಡಿದಳು.

"ಫೆಬ್ರವರಿ ಹದಿನೆಂಟೂ ಭಾನುವಾರವೇ. ಆವತ್ತು ಭಾನುವಾರ ಅಂತ ಹಾಕೋದು ಮರ್ತಿದ್ದೆ. ಕೆಲಸ ಇರ್ಲಿಲ್ಲ, ಜನ ತಾವಾಗೇ ಹೋದ್ರು. ಅದನ್ನೂ ಕಳೀರಿ."

ಎಚೆವೆರ್ರಿ ಹಣೆಯ ಮೇಲೆ ಕೈಯಿಟ್ಟುಕೊಂಡ. ಬರಗಾನ್ ಪರದೆಯಲ್ಲಿ ಫಿಡೆಲಿನಾಳನ್ನೊಮ್ಮೆ ನೋಡಿದಳು. ಆಮೇಲೆ ಪೆನ್ನು ತೆಗೆದುಕೊಂಡು ಒಂದು ಗೆರೆ ಎಳೆದಳು.

"ಮೂವತ್ತೇಳು," ಎಂದಳು. "ಮಿಕ್ಕಿದ್ದನ್ನ ನಾನಿನ್ನು ತಾಳೆ ನೋಡ್ಬೇಕಾಗಿಲ್ಲ. ನಾಳೆಯಿಂದ ಕೆಲಸ ಶುರುಮಾಡಿ."

ಪರದೆ ಕಪ್ಪಾಯಿತು. ಮಳೆ ಸುರಿಯುತ್ತಲೇ ಇತ್ತು. ನದಿ ದಂಡೆಯ ಕಲ್ಲು ಮುಳುಗುವಷ್ಟು ತುಂಬಿತ್ತು. ಇನ್ನು ಮೇಲೆ ದಿನಾ ಮಳೆಯನ್ನೂ ಬರೆಯತಕ್ಕದ್ದು ಎಂದು ಎಚೆವೆರ್ರಿಯಿಂದ ಅರ್ಧ ಗಂಟೆಯೊಳಗೆ ಆದೇಶ ಬಂತು. ಅವಳು ಓದಿ ಲ್ಯಾಪ್‌ಟಾಪ್ ಮುಚ್ಚಿದಳು.

ಮರುದಿನ ಬೆಳಿಗ್ಗೆ ಆರೂವರೆಗೆ ಸ್ಟೋರಿನ ಕಿಟಕಿ ತೆರೆದಾಗ ಆರ್ನೋಬಿಯೊ ಆಗಲೇ ಬಂದು ನಿಂತಿದ್ದ. ಕಣ್ಣು ಕೆಂಪಾಗಿತ್ತು, ತಮಾಷೆಯ ಮಾತು ಒಂದೂ ಇರಲಿಲ್ಲ. ಚೀಟಿಯನ್ನು ಮುಂದೆ ತಳ್ಳಿದ. ಹೆರಿಗೆ ಕೋಣೆಗೆ ತಗಡು, ಇಪ್ಪತ್ತನಾಲ್ಕು, ಕೆಳಗೆ ಅವನ ಸಹಿ. ದಿನಾಂಕ ಹಾಕಿರಲಿಲ್ಲ. ಫಿಡೆಲಿನಾ ಚೀಟಿಯನ್ನು ನೋಡಿದಳು, ಅವನನ್ನು ನೋಡಿದಳು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ದಿನಾಂಕವನ್ನು ತಾನೇ ಬರೆದುಕೊಂಡಳು.